ಮಿಡಿತವಲ್ಲ, ಬಡಿತ

೧೪ ಮಾರ್ಚ್ ೧೯೩೭, ಭಾನುವಾರ

ಎತ್ತುಗಳಿಗೆ ನೀರು ಕುಡಿಸಿ ಬಂದೆ. ಇಷ್ಟು ದಿನ ಯಾರಿಗೂ ಹೇಳದ್ದನ್ನು ಬರೆದುಬಿಡುತ್ತೇನೆ — ನಮ್ಮ ಆಳು ಬೈರಪ್ಪನ ಕೈ ಹಿಡಿದಾಗ ನಾಡಿ ಇತ್ತು. ಸಂಕ್ರಾಂತಿಗೆ ಮುಂಚೆ ನಮ್ಮ ಬಾವಿಯ ಹೂಳೆತ್ತುವಾಗ ಹಗ್ಗ ಹರಿದು ಬಿದ್ದ. ಮೇಲೆ ತಂದೆವು. ಮಣಿಕಟ್ಟು ಹಿಡಿದವನು ನಾನು. ದೊಡ್ಡಪ್ಪ, ‘ಹೋಯ್ತು ಕಣ್ಲಾ, ಬುಡು’ ಅಂದರು. ಬಿಟ್ಟೆ. ಆಸ್ಪತ್ರೆ ಅಂದರೆ ಪೊಲೀಸು ಎಂಬ ಭಯ ಅವರಿಗೆ. ಸಂಜೆಗೆ ಮಣ್ಣು ಮಾಡಿದರು. ಮೇಷ್ಟರ ಸುಳ್ಳಿಗೆ ತಲೆಯಾಡಿಸಲಾರೆ ಎಂದು ಸ್ಕೂಲು ಬಿಟ್ಟವನು — ಇಲ್ಲಿ ಬಾಯಿ ಮುಚ್ಚಿಕೊಂಡೆ.

೧೬ ಮಾರ್ಚ್

ಬೈರಪ್ಪನ ಹೆಂಡತಿ ಪುಟ್ಟಕ್ಕನಿಗೆ ಹೇಳಿದೆ. ಕುಟ್ಟುತ್ತಿದ್ದ ಒನಕೆ ನಿಂತಿತು.

‘ಮಿಡೀತಿತ್ತಾ ಸಣ್ಣಯ್ಯ?’

ಮಿಡಿತ ಸಣ್ಣ ಮಾತು. ಹಸುಗೂಸಿನ ನೆತ್ತಿ ಮಿಡಿಯುತ್ತದೆ. ಕೀವು ತುಂಬಿದ ಬೆರಳಾದರೆ ಸಿಡಿತ. ಇದು ಎರಡೂ ಅಲ್ಲ. ಓಡಿ ಬಂದವನ ಎದೆಯ ಹಾಗೆ... ‘ಬಡೀತಿತ್ತು’ ಅಂದೆ. ಜೋರಾಗಿ.

ಅವಳು ಅಳಲಿಲ್ಲ. ಅಮಲ್ದಾರರಿಗೆ ಅರ್ಜಿ ಬರೆದುಕೊಡಿ ಅಂದಳು.

೭ ಏಪ್ರಿಲ್, ಮಧುಗಿರಿ ಕಚೇರಿಯಿಂದ ಬಂದು

ಅಮಲ್ದಾರರ ಮುಂದೆ ವಿಚಾರಣೆ. ಗುಮಾಸ್ತ ‘ನಾಡಿ ಇದ್ದಿತು’ ಎಂದು ಬರೆದ. ರುಜು ಹಾಕುವುದಿಲ್ಲ ಅಂದೆ. ‘ಬಡಿಯುತ್ತಿತ್ತು ಅಂತ ಬರೀರಿ ಸ್ವಾಮಿ.’

‘ಇದ್ರೇನು, ಬಡಿದ್ರೇನು? ಸ್ಕೂಲ್ ಬಿಟ್ಟೋರಿಗೇ ಭಾಷೆ ಜಾಸ್ತಿ.’

ವಿಚಾರಣೆಗೆ ಕರೆಸಿದ್ದ ಡಾಕ್ಟರು ತಮ್ಮ ಕೈ ಚಾಚಿದರು — ಹೇಗೆ ಹಿಡಿದೆ, ತೋರಿಸು. ಹೆಬ್ಬೆರಳು ಒತ್ತಿ ಹಿಡಿದೆ.

‘ಬಡೀತಿದೆಯಾ?’

‘ಹೂಂ ಸಾರ್.’

‘ಈಗ ಆ ಮೇಜಿನ ಕಾಲನ್ನ ಹಾಗೇ ಒತ್ತಿ ಹಿಡಿ.’

ಹಿಡಿದೆ. ಮೇಜಿನ ಕಾಲೂ ಬಡಿಯಿತು. ಅದನ್ನೂ ಹೇಳಿದೆ. ಕಚೇರಿಯೆಲ್ಲ ನಕ್ಕಿತು.

‘ಹೆಬ್ಬೆರಳಿಗೆ ತನ್ನದೇ ನಾಡಿ ಇದೆ ಕಣಯ್ಯ. ಸಾಯುವವನದು ನೂಲಿನಷ್ಟು ಸಣ್ಣ. ಜೋರಾಗಿತ್ತು ಅಂತೀಯಲ್ಲ, ಅದು ನಿನ್ನದು.’

ಅರ್ಜಿ ವಜಾ.

೯ ಏಪ್ರಿಲ್

ಊಟಕ್ಕೆ ಕೂತಾಗ ದೊಡ್ಡಪ್ಪ: ‘ಮೇಜಿಗೂ ಜೀವ ಕೊಟ್ಟವ್ನೆ. ಇನ್ನೊಂದು ಮುದ್ದೆ ಇಕ್ರಮ್ಮ ಇವನಿಗೆ.’

ಪುಟ್ಟಕ್ಕ ಗಂಡನನ್ನು ಹೂತ ಮಣ್ಣಿಗೆ ಕಿವಿ ಹಚ್ಚಿ ಮಲಗಿರುತ್ತಾಳಂತೆ. ಹೋದೆ. ಹೌದು.

‘ಜೀವ ಇರ್ಲಿಲ್ಲ ಅಂದ್ಬುಡಿ ಸಣ್ಣಯ್ಯ. ಸುಳ್ಳಾದ್ರೂ ಸೈ, ನಿದ್ದೆ ಮಾಡ್ತೀನಿ.’

ಇರಲಿಲ್ಲವೋ, ನನ್ನ ಬಡಿತದ ಅಡಿಯಲ್ಲಿ ಅವನದೂ ಇತ್ತೋ... ಗೊತ್ತಿಲ್ಲ ಅಂದೆ.

‘ಅಂಗಾರೆ ಅವತ್ತು ಹೆಂಗ್ ಗೊತ್ತಿತ್ತು?’

೨೨ ಏಪ್ರಿಲ್

ಪುಟ್ಟಕ್ಕ ದಿನಾ ದಾರಿಗೆ ಅಡ್ಡ ನಿಂತು, ಇತ್ತೋ ಇರಲಿಲ್ಲವೋ ಎಂದು ಕೇಳುತ್ತಾಳೆ. ಇವತ್ತು ‘ಇರಲಿಲ್ಲ’ ಅನ್ನಲೆಂದೇ ಬಾಯಿ ತೆರೆದೆ. ಬರಲಿಲ್ಲ. ನಾಳೆ ಬೆಳಿಗ್ಗೆ ಶಿರಾ ಬಸ್ಸಿಗೆ ಊರು ಬಿಡುತ್ತೇನೆ.