ಮಡ್‌ಗಾರ್ಡಿಗೆ ಮೆತ್ತಿದ ಅರಿಶಿನ

ಮೇಲೂರು
12-11-1961

ನನ್ನಕ್ಕನ ಕುಡಿ ಶ್ಯಾಮಲಮ್ಮನಿಗೆ ಸೋದರಮಾವ ನಲ್ಲಪ್ಪನ ಆಶೀರ್ವಾದಗಳು.

ಮೈ ಹೇಗಿದೆಯಮ್ಮ? ಕೆಂಚಾರ್ಲಹಳ್ಳಿಯ ನೀರು ಒಗ್ಗಿತೋ ಇಲ್ಲವೋ? ಗಂಗುಲಮ್ಮನವರು ಕೊಟ್ಟ ಕೋಣೆ ಸೋರುವುದಿಲ್ಲ ತಾನೆ? ಇಲ್ಲಿ ಅವ್ವ, ನಿನ್ನ ಅಜ್ಜಿ, ಗಟ್ಟಿಮುಟ್ಟಾಗಿದ್ದಾಳೆ. ನನ್ನನ್ನು ಬೈಯುವ ದನಿ ಈಗಲೂ ಕೆರೆ ಏರಿಯವರೆಗೆ ಕೇಳಿಸುತ್ತದೆ. ನಿನ್ನ ಅತ್ತೆ ಚಿಕ್ಕವೆಂಕಟಮ್ಮನಿಗೆ ಮಾತ್ರ ಬಿಡುವಿಲ್ಲ, ರೇಷ್ಮೆಹುಳು ನಾಲ್ಕನೇ ಜ್ವರದಲ್ಲಿ ಪೊರೆ ಕಳಚಿ ಎದ್ದು ಹೊತ್ತುಗೊತ್ತಿಲ್ಲದೆ ಸೊಪ್ಪು ತಿನ್ನುತ್ತಿವೆ. ಹೋದ ಬೆಳೆಯ ಗೂಡನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿದಾಗ ನೂಲು ತೆಗೆಯುವವರೆಲ್ಲ ನನ್ನ ಮಂಕರಿಯ ಸುತ್ತ ಮುತ್ತಿಕೊಂಡಿದ್ದರು. ಅಂಥ ಗೂಡು ಈ ತಾಲ್ಲೂಕಿನಲ್ಲಿ ಇನ್ನೊಬ್ಬ ಬೆಳೆದು ತೋರಿಸಲಿ. (ಕಲೆ ಬಿದ್ದವು ಮಂಕರಿಯ ತಳದಲ್ಲಿ ಇದ್ದದ್ದು ಬೇರೆ ಮಾತು. ಅದು ಎಲ್ಲರೂ ಮಾಡುವುದೇ.) ಈ ಹೆಚ್ಚುಗಾರಿಕೆಯನ್ನೇ ಎರಡು ಪುಟ ಬರೆಯೋಣವೆಂದು ಕೂತಿದ್ದೆ, ಕೈ ಓಡುತ್ತಿಲ್ಲ.

ಆ ಮಾರ್ಕೆಟ್ಟಿನಲ್ಲೇ ಗಂಗುಲಮ್ಮನವರ ಯಜಮಾನ ಮುನಿಗಂಗಪ್ಪ ಸಿಕ್ಕಿದ್ದರು. ನೀನು ದಿನಾ ಸ್ಕೂಲಿಗೆ ಮೂರು ಮೈಲಿ ಹೋಗುತ್ತಾ, ಮೂರು ಮೈಲಿ ಬರುತ್ತಾ ನಡೆಯುತ್ತೀಯಂತೆ. ಚಪ್ಪಲಿ ಕಚ್ಚಿ ಹಿಮ್ಮಡಿಯ ಚರ್ಮ ಸುಲಿದಿದೆಯಂತೆ. "ನಿಮ್ಮಾಮ ಸೈಕಲ್ ಕೊಡ್ಸೌರೆ ಅಂದಿದ್ರಲ್ಲ, ಯಾಕಮ್ಮ ತರ್ಲಿಲ್ಲ ಅಂತ ಕೇಳ್ದೆ. 'ನಂಗೆ ಬ್ಯಾಲೆನ್ಸ್ ಬರಲ್ಲ, ಮಾಮಾನೇ ಬ್ಯಾಡ ಅಂದ್ರು, ನನ್ ಒಳ್ಳೇದಕ್ಕೇ' ಅಂದ್ಳು ನಿಮ್ಮುಡ್ಗಿ" ಎಂದರು. ಬಾಡಿಗೆ ಸೈಕಲ್ಲನ್ನು ಕೆರೆ ಏರಿಯ ಮೇಲೆ ಎರಡೂ ಕೈ ಬಿಟ್ಟು ಓಡಿಸುತ್ತಿದ್ದವಳು ನೀನು! ನಿನಗೆ ಬ್ಯಾಲೆನ್ಸ್ ಬರುವುದಿಲ್ಲವೇ? ನಾನು ಹೂಂ ಎಂದು ತಲೆಯಾಡಿಸಿ, ಗೂಡಿನ ಲೆಕ್ಕ ನೋಡುವವನಂತೆ ಆ ಕಡೆ ತಿರುಗಿಕೊಂಡೆ. ಬಸ್ಸಿನಲ್ಲಿ ಊರು ತಲುಪುವವರೆಗೂ ತಲೆ ಎತ್ತಲಾಗಲಿಲ್ಲ.

ಅವತ್ತು ಏನಾಯಿತೆಂದು ಬರೆದುಬಿಡುತ್ತೇನೆ. ನಿನಗೆ ಮೇಷ್ಟ್ರ ಕೆಲಸದ ಆರ್ಡರು ಬಂದಾಗ ಸೈಕಲ್ ತರಲು ಚಿಕ್ಕಬಳ್ಳಾಪುರಕ್ಕೆ ಹೊರಟೆನಲ್ಲ, ಹೋಗುವಾಗ ಅರಳಿಕಟ್ಟೆಯ ಮುಂದೆ ನಿಂತು, ಅಲ್ಲೇ ಕೂತು ಊರವರನ್ನೆಲ್ಲ ಆಡಿಕೊಳ್ಳುವ ರಾಮಾಂಜಿನಪ್ಪನಿಗೆ, "ಸಾಯಂಕಾಲದ ಬಸ್ಸಿಗೆ ನೋಡ್ತಾ ಇರು. ಒಂದು ಚುಕ್ಕೆ ಇಲ್ದಿರೋ ಸೈಕಲ್ ಇಳಿಸ್ತೀನಿ. ಕನ್ನಡಿ ಬ್ಯಾಡ, ಅದ್ರಾಗೇ ಮೀಸೆ ತಿದ್ಕೊಬೋದು" ಎಂದು ಹೇಳಿ ಹೋಗಿದ್ದೆ. ಅಂಗಡಿಯಲ್ಲಿ ಹೆಂಗಸರ ಸೈಕಲ್ ಇದ್ದದ್ದು ಒಂದೇ. ಹಸಿರು ಬಣ್ಣ, ಹೊಚ್ಚ ಹೊಸದು. ಆದರೆ ಮುಂದಿನ ಮಡ್‌ಗಾರ್ಡಿನಲ್ಲಿ ಹೆಬ್ಬೆರಳುದ್ದ ಬಣ್ಣ ಕಿತ್ತು ತಗಡು ಬೆಳ್ಳಗೆ ಕಾಣುತ್ತಿತ್ತು. ಅಂಗಡಿಯವರು ಮುಚ್ಚಿಡಲಿಲ್ಲ. "ರೈಲಲ್ಲಿ ಬರೋವಾಗ ಉಜ್ಜೋಗೈತೆ ನಲ್ಲಪ್ಪನೋರೆ. ಓಡೋದಕ್ಕೇನೂ ಐಬಿಲ್ಲ. ಬ್ಯಾಡ ಅಂದ್ರೆ ಎಂಟು ದಿವ್ಸ ತಡೀರಿ, ಬೇರೇದು ಬತ್ತದೆ. ಇಲ್ಲಾ, ಆಯಮ್ಮನ್ನೇ ಒಂದ್ಮಾತು ಕೇಳಿ" ಎಂದರು. ಎರಡು ಸಲ ಹೋಗಿ ಟೀ ಕುಡಿದು ಬಂದೆ. ಸೈಕಲ್ಲಿನ ಸುತ್ತ ಪ್ರದಕ್ಷಿಣೆ ಹಾಕಿದೆ. ಮಡ್‌ಗಾರ್ಡನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ನೋಡಿದೆ, ಆಗ ಎಷ್ಟು ಚೆನ್ನಾಗಿತ್ತು ಅಂತೀ! ನೀನಾಗಲೇ, "ಬಣ್ಣ ಹೆಂಗಿದ್ರೂ ಸರಿ ಮಾಮ, ಚಕ್ರ ಉರುಳಿದ್ರೆ ಸಾಕು" ಎಂದಿದ್ದೆ. ಆ ಮಾತು ಕಿವಿಯಲ್ಲೇ ಇತ್ತು. ನಿನಗೆ ತೋರಿಸುವುದಕ್ಕೆ ನನಗೇನೂ ನಾಚಿಕೆ ಇರಲಿಲ್ಲ. ಕಟ್ಟೆಯ ಮುಂದೆ ಇಳಿಸುವುದು ಹೇಗೆ ಎಂಬುದೊಂದೇ ಯೋಚನೆ. ಬರಿಗೈಲಿ ಇಳಿದರೂ ನಗುತ್ತಾರೆ, ಇದನ್ನು ಇಳಿಸಿದರೂ ನಗುತ್ತಾರೆ.

ಕೊನೆಗೆ ಪೂಜೆಯ ನೆಪ ಹೊಳೆಯಿತು. ಹೊಸ ಗಾಡಿಗೆ ಅರಿಶಿನ ಕುಂಕುಮ ಇಟ್ಟರೆ ಯಾರು ಏನು ಕೇಳುತ್ತಾರೆ? ಅಂಗಡಿಯ ಮುಂದೆಯೇ ಅರಿಶಿನ ಕಲಸಿ ಆ ಕಲೆಯ ಮೇಲೆ ದಪ್ಪಗೆ ಮೆತ್ತಿ, ಮೇಲೆ ಮೂರು ಕುಂಕುಮದ ಬೊಟ್ಟು ಇಟ್ಟೆ. ಗೂಡಿನ ಮಂಕರಿಯ ಬುದ್ಧಿಯನ್ನೇ ನಿನ್ನ ಸೈಕಲ್ಲಿಗೂ ಉಪಯೋಗಿಸಿದೆ. ಊರಲ್ಲಿ ಆರತಿ ಎತ್ತಿದರು, ರಾಮಾಂಜಿನಪ್ಪನೂ ಭಲೇ ಎಂದ. ನಾನು ಎದೆ ಸೆಟೆಸಿಕೊಂಡು ನಿಂತಿದ್ದೆ.

ಮಾರನೇ ಬೆಳಿಗ್ಗೆ ನೀನು ಬಾವಿಕಟ್ಟೆಯಲ್ಲಿ ಸೈಕಲ್ ತೊಳೆಯುವಾಗ ಅರಿಶಿನ ಹೋಗಿ ಕಲೆ ಬಯಲಾಯಿತು, ಅದೇ ಹೊತ್ತಿಗೆ ರಾಮಾಂಜಿನಪ್ಪ ಆ ದಾರಿಯಲ್ಲೇ ಬರಬೇಕೆ! "ಏನಮ್ಮಾ ಟೀಚರಮ್ಮ, ಒಂದೇ ದಿವ್ಸಕ್ಕೆ ಕೆಡವ್ದ್ಯಾ?" ಎಂದ. ನೀನು ನನ್ನ ಕಡೆ ನೋಡಿದೆ. ನನ್ನ ಬಾಯಿಂದ ಬಂದದ್ದು, "ನಾನು ತಂದಾಗ ಕನ್ನಡಿ ಇದ್ದಂಗಿತ್ತಪ್ಪ." ಒಳಗಿನಿಂದ ಅವ್ವ ಬಂದಳು. "ಹೆಣ್ಣುಡ್ಗಿಗೆ ಇದೆಲ್ಲ ಬ್ಯಾಡ ಅಂತ ಬಡ್ಕೊಂಡೆ. ಇವತ್ತು ಬಣ್ಣ ಕಿತ್ಕೊಂಡೌಳೆ, ನಾಳೆ ಕಾಲು ಮುರ್ಕೋತಾಳೆ. ಎತ್ತಿಡೋ ಅದ್ನ!" ಎಂದಳು. ಎತ್ತಿಟ್ಟೆ. ನಿನ್ನ ಉಗುರಿನ ಸಂದಿಯಲ್ಲಿ ಅರಿಶಿನ ಇತ್ತು ಕಣಮ್ಮ. ನಿನಗೆ ಆಗಲೇ ಎಲ್ಲ ಗೊತ್ತಾಗಿತ್ತು. ನೀನು ಕೈ ತೊಳೆದುಕೊಂಡು ಒಳಗೆ ಹೋದೆ. ಈಗ ಸೈಕಲ್ ಹುಳುಮನೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ನಿಂತಿದೆ. ಸೊಪ್ಪು ಹಾಕಲು ಹೋದಾಗಲೆಲ್ಲ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತೇನೆ.

ನಾನೊಂದು ಉಪಾಯ ಮಾಡಿದ್ದೇನೆ. ಶಿಡ್ಲಘಟ್ಟದಿಂದ ಹಸಿರು ಬಣ್ಣ ತಂದು ಕಲೆಗೆ ಬಳಿದು, ಅವ್ವ ನೆಂಟರ ಮನೆಗೆ ಹೋದ ದಿನ ನೋಡಿಕೊಂಡು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ ತರುತ್ತೇನೆ. ಯಾರಾದರೂ ಕೇಳಿದರೆ ಚಿಂತಾಮಣಿಯಲ್ಲಿ ಬಾಡಿಗೆಗೆ ಹಿಡಿದೆ ಎಂದು ಹೇಳು. ಅವ್ವನಿಗೆ ಮಾತ್ರ ಇದು ತಿಳಿಯಬಾರದು. ಮನೆಯಿಂದ ಹೋಗುವ ಕಾಗದವನ್ನೆಲ್ಲ ತನಗೆ ಓದಿ ಹೇಳಬೇಕೆಂಬುದು ಅವಳ ಕಟ್ಟಳೆ ತಾನೆ? ಓದುವಾಗ ನಡುವಿನದನ್ನು ಹಾರಿಸಿಬಿಡುತ್ತೇನೆ. ಅದರಲ್ಲಿ ನಾನು ಪಳಗಿದವನು.

ಹಿಮ್ಮಡಿಗೆ ಹರಳೆಣ್ಣೆ ಹಚ್ಚು. ಗಂಗುಲಮ್ಮನವರಿಗೂ ಮುನಿಗಂಗಪ್ಪನವರಿಗೂ ನನ್ನ ನಮಸ್ಕಾರ ತಿಳಿಸು. ನೂರು ಮಕ್ಕಳಿಗೆ ಅಕ್ಷರ ಕಲಿಸಿ ನೀನು ತಣ್ಣಗಿರಮ್ಮ.

ನಿನ್ನೆದುರು ಬರಲು ನಾಚುವ
ನಿನ್ನ ಮಾಮ,
ನಲ್ಲಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಅವ್ವ ಬಂದು ಎದುರಿಗೆ ಕೂತಳು. ಹುಳುವಿನ ಸಮಾಚಾರ ಓದಿದೆ, ಹರಳೆಣ್ಣೆ ಓದಿದೆ, ಮಡಿಸಿದೆ. "ಎರಡೂ ಮಗ್ಗುಲು ತುಂಬ್ಸಿದೀಯ, ಇಷ್ಟೇನಾ? ಉಳಿದಿದ್ದು ಓದೋ" ಎಂದಳು. ಓದಿದೆ ಶ್ಯಾಮಲಮ್ಮ, ಒಂದು ಸಾಲೂ ಬಿಡದೆ. ಅವ್ವನ ಬಾಯಿಂದ ಒಂದು ಬೈಗುಳವೂ ಇಲ್ಲ. "ಆ ಮಗೀನ ಅಂದ್ಬಿಟ್ನಲ್ಲೋ" ಎಂದಷ್ಟೇ ಹೇಳಿ ಎದ್ದು ಹೋಗಿ, ಗೋಣಿಚೀಲ ತೆಗೆದು ಸೆರಗಿನಿಂದ ಮಡ್‌ಗಾರ್ಡನ್ನು ಒರೆಸಿದಳು. "ಬಣ್ಣ ಗಿಣ್ಣ ಬಳೀಬ್ಯಾಡ. ಹಿಂಗೇ ತಗೊಂಡೋಗು. ಕಟ್ಟೆ ಮುಂದಿಂದ್ಲೇ ತಳ್ಕೊಂಡೋಗು. ಯಾರು ಕೇಳ್ತಾರೋ ಅವ್ರಿಗೆ ನೀನೇ ಬಾಯ್ಬಿಟ್ಟು ಹೇಳು" ಎಂದಳು. ಬರುವ ಭಾನುವಾರದ ಮೊದಲ ಬಸ್ಸಿಗೆ ಬರುತ್ತೇನೆ. ಕತ್ತಲಲ್ಲೇ ಹೊರಡೋಣವೆಂದು ನೋಡಿದೆ, ಆದರೆ ರಾಮಾಂಜಿನಪ್ಪ ಅಷ್ಟು ಹೊತ್ತಿಗೇ ಬಂದು ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡು ಕೂತಿರುತ್ತಾನೆ.