ತೂಬಿನ ಲೆಕ್ಕ

ಕುಣಿಗಲ್, ೧೯೬೧

ಮಾನ್ಯ ಕದರಯ್ಯ ಮೇಷ್ಟ್ರ ಅವಗಾಹನೆಗೆ, ಮುಖ್ಯೋಪಾಧ್ಯಾಯ ಸುಬ್ಬಕೃಷ್ಣನು ಟಪಾಲಿಗೆ ಹಾಕದೆ ಮಾಡಿಕೊಳ್ಳುವ ಅರಿಕೆ.

ಇಲಾಖೆಯ ಹೊಸ ಗಣಿತ ಪುಸ್ತಕದಲ್ಲಿ ಎರಡು ನಲ್ಲಿಗಳಿಂದ ತೊಟ್ಟಿ ತುಂಬುವ ಲೆಕ್ಕವಿದೆ. ನಲ್ಲಿಯನ್ನೇ ಕಾಣದ ಮಕ್ಕಳು ಇಂದು ಖಾಲಿ ಸ್ಲೇಟು ಹಿಡಿದು ಕುಳಿತಿದ್ದರು. ತಾವು ಮಾಡುತ್ತಿದ್ದಂತೆ ನಾನೂ ಪುಸ್ತಕ ಮಡಚಿ, ಎರಡು ತೂಬುಗಳಿಂದ ನಮ್ಮ ಕೆರೆ ತುಂಬಲು ಎಷ್ಟು ದಿನ ಬೇಕೆಂದು ಕೇಳಿದೆನು.

“ತೂಬಲ್ಲಿ ನೀರು ಗದ್ದೆಗೆ ಓಯ್ತದೆ ಸಾ, ಕೆರೆಗೆ ಬರಾಕಿಲ್ಲ!” ಎಂದಳು ಗಿರಿಯಮ್ಮ. ತರಗತಿಯೆಲ್ಲ ನಕ್ಕಿತು.

“ಆಯ್ತು ಕಣಮ್ಮ, ಹಾಗಾದ್ರೆ ಕೆರೆ ಖಾಲಿ ಮಾಡು” ಎಂದೆನು. ಎಲ್ಲರ ಸ್ಲೇಟಿನಲ್ಲೂ ಉತ್ತರ ಸರಿಯಾಗಿತ್ತು.

ಪುಸ್ತಕ ಬಿಟ್ಟು ಪಾಠ ಹೇಳುವಿರೆಂದು ನಾನೇ ಬರೆದ ದೂರಿನ ಮೇಲೆ ತಮಗೆ ಹುಲಿಯೂರುದುರ್ಗಕ್ಕೆ ವರ್ಗವಾಯಿತು. ದೂರು ಯಾರದೆಂದು ತಾವು ಕೇಳಲಿಲ್ಲ. ಬಸ್ಸು ಹತ್ತುವಾಗ ನನಗೆ ಕೈಮುಗಿದು, “ಮಕ್ಕಳನ್ನ ನೋಡ್ಕೊಳ್ಳಿ ಸಾರ್” ಎಂದಿರಿ.