ನಮ್ಮ ವಠಾರದಲ್ಲಿ ನನ್ನ ಸಾವಿನ ಶೂಟಿಂಗ್

ಹೇರೋಹಳ್ಳಿ,
೧೫ ಫೆಬ್ರುವರಿ ೨೦೨೫

ಮುದ್ದಿನ ಕೀರ್ತನಾ,

ಹೇಗಿದ್ದೀಯ ಮಗಳೇ? ಕೆಮ್ಮು ಹೋಯಿತಾ? ದಾವಣಗೆರೆಯ ಬಿಸಿಲಿಗೆ ಮಜ್ಜಿಗೆ ಕುಡಿ, ಬೆಣ್ಣೆದೋಸೆಯನ್ನೇ ಊಟ ಅಂದುಕೊಳ್ಳಬೇಡ. ಇಲ್ಲಿ ನಿನ್ನಪ್ಪನೂ ನಾನೂ ಚೆನ್ನಾಗಿದ್ದೇವೆ. ಮೊನ್ನೆ ಗುರುವಾರ ನಾನು ಸತ್ತಿದ್ದೊಂದು ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ‘ಕ್ಲಾಸ್ ಇದೆ ಅಮ್ಮ’ ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ವಠಾರದವರನ್ನೆಲ್ಲ ಸೇರಿಸಿ ನೀನು ಬರೆದ ಕಾದಂಬರಿ ಸಿನಿಮಾ ಆಗುತ್ತಿದೆಯಲ್ಲ, ಆ ಶೂಟಿಂಗಿನವರು ಗುರುವಾರ ನಮ್ಮ ಬಾಗಿಲಿಗೇ ಬಂದರು. ಪುಸ್ತಕದಲ್ಲಿ ತನ್ನನ್ನು ನೀರು ಕದಿಯುವವಳನ್ನಾಗಿ ಮಾಡಿದ್ದೀಯೆಂದು ಪಕ್ಕದ ಮನೆಯ ಇಂದ್ರಮ್ಮ ‘ಈ ವಠಾರಕ್ಕೆ ಕಾಲಿಡಬೇಡ’ ಅಂದಳು, ಅವಳೇ ಕರೆಯುವ ತನಕ ಬರುವುದಿಲ್ಲವೆಂದು ನೀನೂ ಹಟ ಹಿಡಿದು ಹೋದೆ. ಅಂದಿನಿಂದ ನಮಗೂ ಅವಳಿಗೂ ಮಾತಿಲ್ಲ. ಹಾಗಾಗಿ ಶೂಟಿಂಗ್ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಪುಸ್ತಕದ ಅಮ್ಮ ಕೊನೆಗೆ ಸಾಯುತ್ತಾಳೆಂದು ನನಗೂ ಯಾರೂ ಹೇಳಿರಲಿಲ್ಲ, ನೀನೂ ಸೇರಿ. ನಾನು ಓದಿದ್ದು ನಲ್ಲಿ ಜಗಳದ ತನಕ ಮಾತ್ರ.

ಬಾಗಿಲ ಮುಂದೆ ಚಟ್ಟ ಕಟ್ಟಿದರು, ಬೆಂಕಿ ಹಾಕಿದರು, ತಮಟೆಯವರನ್ನು ನಿಲ್ಲಿಸಿದರು. ನನ್ನ ಪಾತ್ರದ ನಟಿಗೆ ನನ್ನದೇ ಹಸಿರು ಸೀರೆ ಉಡಿಸಿ, ಮುಖ ಕಾಣದಷ್ಟು ಹಾರ ಹಾಕಿ ಮಲಗಿಸಿದರು. ಕ್ಯಾಮರಾ ಎದುರು ಮನೆಯ ತಾರಸಿ ಮೇಲಿತ್ತು. ನಾನು ಒಳಗೆ ಅವರಿಗೆಲ್ಲ ಕಾಫಿ ಸೋಸುತ್ತಿದ್ದೆ. ಗಾರ್ಮೆಂಟ್ಸಿಗೆ ರಜೆ ಹಾಕಿ ಮನೆಯಲ್ಲಿದ್ದ ಇಂದ್ರಮ್ಮ ತಮಟೆ ಸದ್ದಿಗೆ ಹೊರಗೆ ಬಂದು ನೋಡಿದ್ದಾಳೆ. ಹೆಣ ಎತ್ತುವ ತನಕ ವಠಾರದಲ್ಲಿ ಒಲೆ ಉರಿಯಬಾರದಲ್ಲ, ಒಳಗೋಡಿ ಗ್ಯಾಸ್ ಆರಿಸಿ, ಎದೆ ಬಡಿದುಕೊಳ್ಳುತ್ತಾ ಬಂದು ಆ ನಟಿಯ ಕಾಲ ಮೇಲೆ ಬಿದ್ದಳು.

“ಬೋರಮ್ಮಾ, ನಲ್ಲಿ ಹತ್ರ ಇನ್ಯಾರ ಜೊತೆ ಜಗಳ ಆಡ್ಲೇ? ನಿನ್ ಮಗಳು ಬರ್ದಿದ್ದು ನಿಜಾನೇ ಕಣೇ, ನೀರು ಹಿಡ್ಕೊತಿದ್ದೆ. ಅವಳನ್ನ ಬರ್ಬೇಡ ಅಂದಿದ್ದು ತಪ್ಪಾಯ್ತು, ಎದ್ದೇಳೇ.”

ನಿರ್ದೇಶಕರು ಕಟ್ ಎನ್ನಲೇ ಇಲ್ಲ. ಕಾಫಿ ತಟ್ಟೆ ಹಿಡಿದು ಹೊರಬಂದ ನನ್ನನ್ನು ಕಂಡು ಅವಳ ಅಳು ಗಕ್ಕನೆ ನಿಂತಿತು. ಚಟ್ಟವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, “ಬದುಕಿದೀನಿ ಅಂತ ಒಂದ್ ಮಾತು ಹೇಳೋಕಾಗ್ಲಿಲ್ವಾ ನಿಂಗೆ? ನನ್ನ ಅನ್ನ ಅರ್ಧಕ್ಕೇ ನಿಂತೋಯ್ತು” ಎಂದು ಬೈದಳು. ಎರಡು ವರ್ಷದ ಮೇಲೆ ಅವಳ ಬೈಗುಳ ಕೇಳಿ ಎಷ್ಟು ಖುಷಿಯಾಯಿತೆಂದರೆ, ಆಮೇಲೆ ಅತ್ತವಳು ನಾನು. ಈಗ ಅವಳು ತಾನು ಸಿನಿಮಾದಲ್ಲಿದ್ದೇನೆಂದು ಆಚೆಯ ಉಲ್ಲಾಳ ಬಡಾವಣೆಯ ತನಕ ಹೇಳಿಕೊಂಡು ಬಂದಿದ್ದಾಳೆ. ನನ್ನ ಸಾವನ್ನು ಕತ್ತರಿಸಿದರೆ ನಿರ್ದೇಶಕರನ್ನು ಸುಮ್ಮನೆ ಬಿಡುವುದಿಲ್ಲವಂತೆ.

ಅಪ್ಪ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಬೋರಮ್ಮ

ಮರೆತಿದ್ದೆ: ನಿನ್ನ ಕಥೆಯಲ್ಲಿ ಮಗಳು ಊರಿಂದ ಬರುವುದು ಹೆಣ ಎತ್ತಿದ ಮೇಲಂತೆ. ನಿನ್ನೆ ಅದನ್ನೂ ಶೂಟ್ ಮಾಡಿದರು. ನಿನ್ನ ಪಾತ್ರದ ಹುಡುಗಿ ನಮ್ಮ ಖಾಲಿ ಜಗುಲಿಯ ಮೇಲೆ ಕೂತಿದ್ದನ್ನು ನೋಡಲಾಗದೆ ಒಳಗೆ ಹೋಗಿಬಿಟ್ಟೆ. ನೀನು ಹಾಗೆ ಬರಬೇಡ. ಇಂದ್ರಮ್ಮನೇ ಕರೆಯುತ್ತಿದ್ದಾಳೆ, ಈ ಕಾಗದ ಸಿಕ್ಕ ಕೂಡಲೇ ಬಸ್ಸು ಹತ್ತು. ನಾನು ಬದುಕಿರುವಾಗಲೇ ಬಂದು, ನನ್ನನ್ನು ಸಾಯಿಸಿದ್ದಕ್ಕೆ ಬೈಸಿಕೊಂಡು ಹೋಗು.